ಇರುವೆ ತೆಗೆಯುವವರ ಲೆನ್ಸು

ಎದುರಿಗೆ ನಿಂತವರ ಮಾತು ಮುಗಿಯುವ ಮೊದಲೇ ಸಲಹೆ ಕೊಡಲು ನೀವು ಬಾಯಿ ತೆರೆದದ್ದು ಈ ತಿಂಗಳಲ್ಲಿ ಎಷ್ಟನೆಯ ಸಲ? ನೆನಪಿಲ್ಲ, ಅಲ್ಲವೇ? ಕೊಟ್ಟವರಿಗೆ ಸಲಹೆ ಆ ಗಳಿಗೆಯಲ್ಲೇ ಮರೆತುಹೋಗುತ್ತದೆ. ಅದನ್ನು ನಂಬಿ ಮನೆಗೆ ಒಯ್ದವರ ಹೆಗಲ ಮೇಲೆ ಮಾತ್ರ ಅದರ ಭಾರ ಉಳಿಯುತ್ತದೆ. ಪುಟ್ಟಿಯ ಹೆಗಲ ಮೇಲೆ ಉಳಿದದ್ದು ಒಂದು ಲೆನ್ಸಿನ ಭಾರ. ಅದನ್ನು ಹೇರಿದವರು ಯಾರೂ ಕೆಟ್ಟವರಲ್ಲ, ಎಲ್ಲರೂ ನಿಮ್ಮಂಥ ಒಳ್ಳೆಯವರೇ. ಆದ್ದರಿಂದಲೇ ಈ ಕಥೆಯನ್ನು ನಿಮಗೆ ಹೇಳಬೇಕಾಗಿದೆ.

ಪುಟ್ಟಿಗೆ ನಲವತ್ತಾರು ವರ್ಷ. ಕಾಲೇಜಿನ ಗ್ರಂಥಾಲಯವನ್ನು ಇಪ್ಪತ್ತು ವರ್ಷಗಳಿಂದ ನೋಡಿಕೊಳ್ಳುತ್ತಿರುವ ಆಕೆ ಓದುಗರ ಬಾಯಲ್ಲಿ 'ಮೇಡಂ'. ಅಕ್ಕನ ಬಾಯಲ್ಲಿ ಮಾತ್ರ, ಅರ್ಧ ತಲೆ ನೆರೆತ ಮೇಲೂ, ಪುಟ್ಟಿಯೇ. ಅಕ್ಕ ಅವಳಿಗಿಂತ ಹನ್ನೊಂದು ವರ್ಷ ದೊಡ್ಡವಳು; ಗಡಿಯಾರ ರಿಪೇರಿ ಮಾಡುವವಳು. ಅಪ್ಪ ತೀರಿಕೊಂಡ ಮೇಲೆ ಅಪ್ಪ ಕೂತಿದ್ದ ಸ್ಟೂಲಿನ ಮೇಲೆಯೇ ಕೂತು, "ಹೆಣ್ಣುಮಗಳು ವಾಚ್ ಬಿಚ್ಚುತ್ತಾಳಂತೆ, ಮುಚ್ಚೋದಕ್ಕೆ ಬರುತ್ತೋ ಇಲ್ಲವೋ" ಎಂದು ಬೀದಿಯೆಲ್ಲ ಆಡಿಕೊಂಡರೂ ತಲೆ ಎತ್ತದೆ ದುಡಿದು, ಮೂವತ್ತು ವರ್ಷದ ನಂತರ ಅದೇ ಬೀದಿಯವರಿಂದ 'ಗಡಿಯಾರದಕ್ಕ' ಎನ್ನಿಸಿಕೊಂಡವಳು.

ಔಷಧಿ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಆಕೆಯ ಅಂಗಡಿ ಗೋಡೆಯಲ್ಲಿ ಕೊರೆದ ಗೂಡಿನಂತಿತ್ತು. ಉದ್ದ ನಾಲ್ಕೇ ಹೆಜ್ಜೆ. ಅಗಲ, ಕೈ ಚಾಚಿದರೆ ಎರಡೂ ಗೋಡೆ ತಾಕುವಷ್ಟು. ಕೆಲಸದ ಮೇಜು ಒಳಗೋಡೆಗೆ ಅಂಟಿತ್ತು, ಆದ್ದರಿಂದ ಅಕ್ಕ ಬೀದಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಬಲಗಡೆ ಸಣ್ಣ ಸಣ್ಣ ಡ್ರಾಯರುಗಳ ಕಪಾಟು. ಎಡಮೊಣಕೈ ಹತ್ತಿರ, ಒಬ್ಬರು ಮೈ ಮುದುಡಿ ಕೂರಬಹುದಾದ ಸಂದು. ಹೈಸ್ಕೂಲಿನ ದಿನಗಳಲ್ಲಿ ಶಾಲೆ ಬಿಟ್ಟ ಮೇಲೆ ಪುಟ್ಟಿ ಕೂರುತ್ತಿದ್ದದ್ದು ಅಲ್ಲಿಯೇ. ಅಕ್ಕನ ಕೈ ಏನು ಮಾಡುತ್ತಿದೆ ಎಂಬುದು ಕಾಣುವ ಜಾಗ ಆ ಅಂಗಡಿಯಲ್ಲಿ ಅದೊಂದೇ. ಈ ಸಂದನ್ನು ನೆನಪಿಡಿ.

ಅಕ್ಕನ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಮೇಜಿನ ಮೇಲೆ ಒಂದು ಬಿಳಿ ಪಿಂಗಾಣಿ ತಟ್ಟೆ. ಬಿಚ್ಚಿದ ಮೊದಲ ಭಾಗ ತಟ್ಟೆಯ ಅಂಚಿನಲ್ಲಿ ಹನ್ನೆರಡು ಗಂಟೆಯ ಜಾಗಕ್ಕೆ, ಎರಡನೆಯದು ಒಂದು ಗಂಟೆಯ ಜಾಗಕ್ಕೆ, ಹೀಗೆ ಗಡಿಯಾರದ ಮುಳ್ಳು ಹೋಗುವ ದಿಕ್ಕಿನಲ್ಲಿ ಸುತ್ತ ಇಡುವುದು. ಯಾವ ಚಕ್ರವನ್ನೂ ಎತ್ತುವ ಮೊದಲು ಚೂಪು ಮಾಡಿದ ಮರದ ಕಡ್ಡಿಯಿಂದ ಅದನ್ನು ಒಮ್ಮೆ ಅತ್ತ, ಒಮ್ಮೆ ಇತ್ತ ಅಲುಗಿಸಿ, ಅದು ಎಷ್ಟು ಸಡಿಲ, ಎಲ್ಲಿ ಬಿಗಿ ಎಂದು ನೋಡಬೇಕು. "ಎತ್ತಿದ ಮೇಲೆ ಚಕ್ರ ಬಾಯಿ ಬಿಡಲ್ಲ ಪುಟ್ಟಿ. ಕೂತ ಜಾಗದಲ್ಲೇ ವಿಚಾರಿಸ್ಬೇಕು," ಎನ್ನುತ್ತಿದ್ದಳು. ಮತ್ತೊಂದು ನಿಯಮ: ಬಿಚ್ಚಲು ಶುರು ಮಾಡಿದ ವಾಚನ್ನು ನಡುವೆ ಬಿಟ್ಟು ಏಳುವಂತಿಲ್ಲ. ಮನೆಗೆ ಬೆಂಕಿ ಬಿದ್ದಿದೆ ಎಂದರೂ ಸರಿಯೇ; ಎದ್ದರೆ ದೂಳು ಕೂರುತ್ತದೆ.

ಈಗ ಬೆಂಕಿ ಬಿದ್ದದ್ದು ಆಕೆಯ ಕಣ್ಣಿಗೆ. ನೋಟದ ನಟ್ಟನಡುವೆ ಒಂದು ಮಸುಕು. ದಿನೇ ದಿನೇ ಅಗಲವಾಗುತ್ತಿದೆ. ಸಣ್ಣ ಕೆಲಸವನ್ನು ಈ ತಿಂಗಳಿಗೇ ನಿಲ್ಲಿಸಬೇಕೆಂದು ಕಣ್ಣಿನ ಡಾಕ್ಟರು ಖಂಡಿತವಾಗಿ ಹೇಳಿದರು. ಅಂಗಡಿಯನ್ನು ತಿಂಗಳ ಕೊನೆಗೆ ಬಿಟ್ಟುಕೊಡುವುದೆಂದು ತೀರ್ಮಾನವಾಯಿತು. "ಅಲ್ಲೀತನಕ ಕಣ್ಣಿನ ವಿಷಯ ಯಾರ ಕಿವಿಗೂ ಬೀಳ್ಕೂಡ್ದು. ಗಿರಾಕಿಗಳು ವಾಚ್ ವಾಪಸ್ ಕೇಳ್ಕೊಂಡು ಬಂದ್ರೆ ನನ್ನ ಮಾನ ಹೋಗುತ್ತೆ," ಎಂದು ಪುಟ್ಟಿಯಿಂದ ಮಾತು ತೆಗೆದುಕೊಂಡಳು.

ಆದರೆ ಮೂವತ್ತು ವರ್ಷದ ವಿದ್ಯೆ ಒಂದು ಸ್ಟೂಲಿನೊಂದಿಗೆ ಮೂಲೆ ಸೇರುವುದನ್ನು ಪುಟ್ಟಿ ಸಹಿಸಲಿಲ್ಲ. ಅಕ್ಕನನ್ನು ಒಪ್ಪಿಸಿ, ಗಡಿಯಾರ ರಿಪೇರಿ ಕಲಿಸುವ ತರಬೇತಿ ಶಾಲೆಯ ಪ್ರಾಂಶುಪಾಲರಿಗೆ ಮಾತ್ರ ಕಣ್ಣಿನ ವಿಷಯ ತಿಳಿಸಿ, ಅಕ್ಕನಿಗೆ ಅಲ್ಲಿ ಪಾಠ ಹೇಳುವ ಕೆಲಸ ಕೊಡಿರೆಂದು ಕೇಳಿದಳು. ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ.

"ನೋಡಿ, ವಾಚನ್ನ ಜೋಡಿಸೋ ಚಿತ್ರಗಳು ಅಚ್ಚಾದ ಪುಸ್ತಕಗಳಲ್ಲೇ ಬೇಕಾದಷ್ಟಿವೆ. ನಮಗೆ ಬೇಕಾಗಿರೋದು ನಿಮ್ಮಕ್ಕ ದೋಷ ಹೇಗೆ ಹುಡುಕ್ತಾರೆ ಅನ್ನೋದು. ಒಂದು ವಾಚನ್ನ ಬಿಚ್ಚೋದರಿಂದ ದೋಷ ಸಿಗೋವರೆಗೆ ಒಂದೊಂದೇ ಹಂತದ ಚಿತ್ರ ತಂದುಕೊಡಿ. ಗೋಡೆ ಮೇಲಿನ ಪರದೆಗೆ ಹಾಕಿದ್ರೆ ಹಲ್ಲುಹಲ್ಲು ಕಾಣ್ಬೇಕು. ಅವರು ಪಕ್ಕದಲ್ಲಿ ನಿಂತು ಪಾಠ ಹೇಳಲಿ. ಕಣ್ಣು ಕಾಣದಿದ್ರೇನು, ಬಾಯಿದೆಯಲ್ಲ!"

ಅಕ್ಕನ ಮುಖದಲ್ಲಿ ಬಹಳ ದಿನಗಳ ನಂತರ ನಗೆ ಕಂಡಿತು. "ಬಾಯಿಗೆ ಸಂಬಳ ಕೊಡ್ತಾರಂತಾ? ನಿಮ್ಮ ಭಾವ ಕೇಳಿದ್ರೆ ಹೊಟ್ಟೆ ಉರ್ಕೋತಾರೆ. ಅವರ ಬಾಯಿ ಇಷ್ಟು ವರ್ಷ ಪುಕ್ಕಟೆ ದುಡೀತು."

ಬಿಚ್ಚಬೇಕಾದ ವಾಚೂ ಸಿದ್ಧವಿತ್ತು. ಅಂಗಡಿಗೆ ಬಂದ ಕೊನೆಯ ಕಠಿಣ ಕೆಲಸ: ಒಂದು ಹಳೆಯ ಜೇಬುಗಡಿಯಾರ. ನಾಲ್ಕು ದಿನ ನಡೆಯುತ್ತಿತ್ತು, ಐದನೆಯ ದಿನ ನಿಲ್ಲುತ್ತಿತ್ತು. ಒಮ್ಮೆ ಕುಲುಕಿದರೆ ಮತ್ತೆ ನಡೆಯುತ್ತಿತ್ತು. ಮೂರು ಅಂಗಡಿ ಸುತ್ತಿ ಬಂದಿದ್ದರೂ ಯಾರಿಗೂ ದೋಷ ಸಿಕ್ಕಿರಲಿಲ್ಲ. "ಭಾನುವಾರ ಬೆಳಿಗ್ಗೆ ಬಿಚ್ಚೋಣ. ಇದೇ ಕೊನೇದು. ಇನ್ನೊಂದಕ್ಕೆ ನನ್ನ ಕಣ್ಣು ನಿಲ್ಲಲ್ಲ," ಎಂದಳು ಅಕ್ಕ. ಚಿತ್ರಗಳ ಹೊಣೆ ಪುಟ್ಟಿಯದು. ಫೋನಿನಲ್ಲಿ ಒಂದು ಪ್ರಯತ್ನ ಮಾಡಿ ನೋಡಿದ್ದಳು. ದೊಡ್ಡದು ಮಾಡಿದೊಡನೆ ಚಕ್ರದ ಹಲ್ಲುಗಳೆಲ್ಲ ಕರಗಿ ಬೂದುಬಣ್ಣದ ಬಳೆಯಾಗಿದ್ದವು. ಆದ್ದರಿಂದ, ಜೀವನದಲ್ಲಿ ಮೊದಲ ಬಾರಿಗೆ, ಲೆನ್ಸು ಬದಲಾಯಿಸಬಹುದಾದ ಒಂದು ನಿಜವಾದ ಕ್ಯಾಮೆರಾ ಕೊಳ್ಳುವುದೆಂದು ನಿರ್ಧರಿಸಿದಳು. ಯಾವ ಲೆನ್ಸು? ಆಕೆಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವರು ಗೊತ್ತಿರುವವರನ್ನು ಕೇಳಬೇಕೆಂದು ನಾವೇ ಅಲ್ಲವೇ ಮಕ್ಕಳಿಗೆ ಕಲಿಸುವುದು?

ಯಾರಾದರೂ "ಯಾತಕ್ಕೆ ಬೇಕು?" ಎಂದು ಕೇಳಿದರೆ ಹೇಳಲು ಪುಟ್ಟಿ ಒಂದು ಉತ್ತರವನ್ನು ಕಟ್ಟಿಟ್ಟುಕೊಂಡಿದ್ದಳು: 'ಬಹಳ ಸಣ್ಣ ವಸ್ತುಗಳನ್ನು, ಇಕ್ಕಟ್ಟಾದ ಜಾಗದಲ್ಲಿ, ಹತ್ತಿರದಿಂದ ತೆಗೆಯಬೇಕು.' ಅದರಲ್ಲಿ ಅಕ್ಕನ ಕಣ್ಣಿನ ಗುಟ್ಟು ಒಡೆಯುವಂಥದ್ದು ಏನೂ ಇರಲಿಲ್ಲ, ಬೇಕಾದದ್ದೆಲ್ಲ ಇತ್ತು. ಆ ಒಂದು ವಾಕ್ಯವನ್ನು ಪೂರ್ತಿ ಕೇಳಿಸಿಕೊಂಡ ಒಬ್ಬ ಮನುಷ್ಯ ಸಿಕ್ಕಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮೊದಲು ಕೇಳಿದ್ದು ಕಾಲೇಜಿನ ಭೂಗೋಳದ ಉಪನ್ಯಾಸಕರನ್ನು. ಬಿಡುವಿದ್ದಾಗಲೆಲ್ಲ ಹಕ್ಕಿಗಳ ಹಿಂದೆ ಅಲೆಯುವ ಅವರನ್ನು ಸ್ಟಾಫ್ ರೂಮಿನಲ್ಲಿ 'ಹಕ್ಕಿ ಮೇಷ್ಟ್ರು' ಎನ್ನುತ್ತಿದ್ದರು. ಗ್ರಂಥಾಲಯದ ಮೇಜಿನ ಮೇಲೆ ಅವರು ಹಿಂತಿರುಗಿಸಲು ತಂದ ಪುಸ್ತಕ ಇಡುತ್ತಿದ್ದಂತೆಯೇ ಪುಟ್ಟಿ ವಿಷಯ ಎತ್ತಿದಳು.

"ಸಾರ್, ಒಂದು ಕ್ಯಾಮೆರಾ ತಗೋಬೇಕು ಅಂತಿದೀನಿ. ಲೆನ್ಸ್ ಯಾವುದು ತಗೊಂಡ್ರೆ..."

"ಕೊನೆಗೂ ಬುದ್ಧಿ ಬಂತು ನಿಮಗೆ!" ಮೇಷ್ಟ್ರ ಮುಖ ಅರಳಿತು. "ಕೂತ್ಕೊಳ್ಳಿ, ಹೇಳ್ತೀನಿ."

ಕೂತೇ ಇದ್ದ ಪುಟ್ಟಿ ಮತ್ತೊಮ್ಮೆ ಸರಿಯಾಗಿ ಕೂತಳು.

"ಮೊದಲನೇದಾಗಿ, ಕ್ಯಾಮೆರಾ ಡಬ್ಬದ ಜೊತೆ ಒಂದು ಪುಟಾಣಿ ಲೆನ್ಸ್ ಕೊಡ್ತಾರಲ್ಲ, ಅದನ್ನ ಮುಟ್ಟಬೇಡಿ. ಆಟದ ಸಾಮಾನು. ಬರೀ ಕ್ಯಾಮೆರಾ ತಗೊಂಡು, ಉಳಿದಿದ್ದನ್ನೆಲ್ಲ ಒಂದು ಉದ್ದನೆ ಲೆನ್ಸಿಗೆ ಹಾಕಿ. ಎಪ್ಪತ್ತರಿಂದ ಮುನ್ನೂರು ಮಿಲಿಮೀಟರ್."

"ಅಲ್ಲ ಸಾರ್, ನನಗೆ ಬೇಕಾಗಿರೋದು ಸಣ್ಣ ಸಣ್ಣ..."

"ಸಣ್ಣದೇ! ಸಣ್ಣದನ್ನ ದೊಡ್ಡದಾಗಿ ತೋರ್ಸೋದೇ ಅದರ ಕೆಲ್ಸ. ಮೊನ್ನೆ ಕೆರೆ ಆಚೆ ದಡದಲ್ಲಿ ಒಂದು ಮಿಂಚುಳ್ಳಿ ಕೂತಿತ್ತು. ಇಷ್ಟೇ ಇಷ್ಟು. ಕೊಕ್ಕಿನ ತುದೀಲಿ ನೀರಿನ ಹನಿ ಕಾಣುತ್ತೆ ನೋಡಿ..." ಎಂದು ಫೋನು ತೆಗೆದರು. ಮಿಂಚುಳ್ಳಿ ಆದ ಮೇಲೆ ಗೂಬೆ, ಗೂಬೆ ಆದ ಮೇಲೆ ಹೆಸರೇ ಗೊತ್ತಿಲ್ಲದ ಕಂದು ಹಕ್ಕಿಗಳು ಇಪ್ಪತ್ತು. ಗಂಟೆ ಬಾರಿಸಿತು, ಮೇಷ್ಟ್ರು ತರಗತಿಗೆ ಓಡಿದರು. ಪುಟ್ಟಿಯ ವಾಕ್ಯ 'ಸಣ್ಣ ಸಣ್ಣ' ಎಂಬಲ್ಲಿಗೇ ನಿಂತಿತ್ತು.

ಅವರು ಸುಳ್ಳು ಹೇಳಿದರೇ? ಇಲ್ಲ. ಅವರ ಹಕ್ಕಿಗಳಿಗೆ ಅದೇ ಸರಿಯಾದ ಲೆನ್ಸು. ಪುಟ್ಟಿಯ ಮುಂದೆ ಹಕ್ಕಿ ಇದೆಯೋ ಇಲ್ಲವೋ ಎಂದು ವಿಚಾರಿಸುವ ಸೌಜನ್ಯ ಮಾತ್ರ ಅವರಲ್ಲಿ ಇರಲಿಲ್ಲ.

ಶುಕ್ರವಾರ ಸಂಜೆ ಪುಟ್ಟಿ ಕ್ಯಾಮೆರಾ ಅಂಗಡಿಯ ಮೆಟ್ಟಿಲು ಹತ್ತಿದಳು. ಗಾಜಿನ ಪೆಟ್ಟಿಗೆಯೊಳಗೆ ಲೆನ್ಸುಗಳು ಎತ್ತರದ ಪ್ರಕಾರ, ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಅಂಗಡಿಯವನು ಮಾತಿನಲ್ಲಿ ಬೆಣ್ಣೆಯಂಥವನು. ಆದರೆ ಅವನ ಕಣ್ಣು ಗಿರಾಕಿಯ ಮುಖ ನೋಡದೆ ಆಕೆಯ ಚೀಲ, ಚಪ್ಪಲಿ, ಕೈಗಡಿಯಾರಗಳನ್ನು ನೋಡುತ್ತಿತ್ತು.

"ಮೊದಲ ಕ್ಯಾಮೆರಾನಾ ಮೇಡಂ? ಹೇಳಿ, ಯಾರು ಕಳಿಸಿದ್ರು?"

ಯಾತಕ್ಕೆ ಎಂದಲ್ಲ, ಯಾರು ಕಳಿಸಿದರು ಎಂದು! ಪುಟ್ಟಿ ಮೇಷ್ಟ್ರ ಹೆಸರು ಹೇಳಿದಳು.

"ಓ, ಅವರಾ! ಅವರು ಹೇಳಿದ ಮೇಲೆ ಮುಗೀತು. ಎಪ್ಪತ್ತು ಮುನ್ನೂರು. ಕೊನೇ ಪೀಸ್ ಇದೆ, ನಿಮ್ಮ ಅದೃಷ್ಟ." ಉದ್ದನೆಯ ಡಬ್ಬ ಮೇಜಿನ ಮೇಲೆ ಬಂದೇ ಬಿಟ್ಟಿತು.

"ಒಂದ್ನಿಮಿಷ. ನಾನು ತೆಗೀಬೇಕಾಗಿರೋದು ಒಂದು ಇಕ್ಕಟ್ಟು ಜಾಗ, ಅಲ್ಲಿ..."

"ಇಕ್ಕಟ್ಟಾದ್ರೆ ಏನಾಯ್ತು? ದೂರದಿಂದ ನಿಂತು ಎಳ್ಕೊಳ್ಳಿ. ಇದಕ್ಕೆ ಅದೇ ತಾನೇ ಅನುಕೂಲ." ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಬಿಲ್ಲಿನ ಪುಸ್ತಕ.

ಆಗ ಪುಟ್ಟಿಯ ಕಣ್ಣು ಗಾಜಿನ ಪೆಟ್ಟಿಗೆಯ ಕೆಳಗಿನ ಸಾಲಿನ ಮೂಲೆಗೆ ಹೋಯಿತು. ಅಲ್ಲೊಂದು ಗಿಡ್ಡ, ದಪ್ಪ ಲೆನ್ಸು ದೂಳು ಹಿಡಿದು ಕೂತಿತ್ತು.

"ಇದ್ಯಾವುದು? ಈ ಗಿಡ್ಡಂದು?"

ಅಂಗಡಿಯವನು ಫೋನಿಗೆ ಕೈ ಅಡ್ಡ ಹಿಡಿದು ನಕ್ಕ. "ಅದಾ? ಅದು ಇರುವೆ ತೆಗೆಯೋವ್ರದ್ದು ಮೇಡಂ. ಇರುವೆ, ಹುಳ, ಹುಪ್ಪಟೆ. ಹೊಟ್ಟೆ ಮೇಲೆ ಮಲಗಿ ತೆಗೀತಾರಲ್ಲ, ಅಂಥವರಿಗೆ. ನೀವು ಇರುವೆ ತೆಗೀತೀರಾ?"

ಪುಟ್ಟಿಗೂ ನಗು ಬಂತು. "ಇಲ್ಲಪ್ಪ," ಎಂದಳು.

ನಿಜವನ್ನೇ ಹೇಳಿದಳು. ಜೇಬುಗಡಿಯಾರದ ಸ್ಕ್ರೂ ಇರುವೆಯ ತಲೆಗಿಂತ ಸಣ್ಣದು ಎಂಬುದು ಆ ಗಳಿಗೆಯಲ್ಲಿ ಆಕೆಗೆ ಹೊಳೆಯಲಿಲ್ಲ. ಒಂದು ಗೇಣು ದೂರದಿಂದ ಅತಿ ಸಣ್ಣ ವಸ್ತುವನ್ನು ಹಲ್ಲುಹಲ್ಲಾಗಿ ಹಿಡಿಯಬಲ್ಲ, ಆಕೆಗೆ ಬೇಕಾಗಿದ್ದ ಏಕೈಕ ಲೆನ್ಸು ಅದೇ ಆಗಿತ್ತು. ಅದರ ಮೇಲೆ ಬೆರಳಿಟ್ಟು ತೋರಿಸಿದ್ದಳು ಕೂಡ. ಒಂದು ತಮಾಷೆಯ ಮಾತು ಅದನ್ನು ಮತ್ತೆ ದೂಳಿಗೆ ತಳ್ಳಿತು. ಡಬ್ಬದ ಜೊತೆ ಬರುವ ಆ 'ಆಟದ ಸಾಮಾನೂ' ಇದ್ದಿದ್ದರೆ ಅರ್ಧ ಕೆಲಸವಾದರೂ ಆಗುತ್ತಿತ್ತು. ಅದನ್ನೂ ಕೌಂಟರಿನ ಮೇಲೆಯೇ ಬಿಟ್ಟು, ಉದ್ದನೆಯದನ್ನು ಹೆಗಲಿಗೆ ಹಾಕಿಕೊಂಡು ಪುಟ್ಟಿ ಮೆಟ್ಟಿಲಿಳಿದಳು.

ಶನಿವಾರ ಮನೆಯ ಮಹಡಿಯ ಮೇಲೆ ಅಭ್ಯಾಸ ನಡೆಯಿತು. ಅಕ್ಕನ ಯಜಮಾನರು, ಮನೆಮನೆಯ ವಿದ್ಯುತ್ ಮೀಟರ್ ಓದಿ ನಿವೃತ್ತರಾದ ಭಾವ, ಹಿಂದೆಯೇ ಮೆಟ್ಟಿಲು ಹತ್ತಿ ಬಂದರು.

"ಇದೇನು ಪುಟ್ಟಿ, ಕ್ಯಾಮೆರಾನೋ ಫಿರಂಗಿನೋ? ಯಾರ ಮೇಲೆ ಯುದ್ಧ?"

"ನೋಡಿ ಭಾವ, ಆ ನೀರಿನ ಟ್ಯಾಂಕ್ ಮೇಲೆ ಬರೆದಿರೋದು ಓದಕ್ಕಾಗುತ್ತೆ!"

ಭಾವ ಕಣ್ಣಿಟ್ಟು ನೋಡಿ ಬೆರಗಾದರು. "ಅಬ್ಬಬ್ಬಾ! ಇದು ನನ್ನ ಕೈಲಿದ್ದಿದ್ರೆ ಬೀದಿ ತುದೀಲಿ ನಿಂತೇ ಮೀಟರ್ ಓದ್ತಿದ್ದೆ. ನಾಯಿ ಕಾಟವೇ ಇರ್ತಿರಲಿಲ್ಲ."

ಇಬ್ಬರೂ ನಕ್ಕರು. ಪಾರಿವಾಳ, ಆಂಟೆನಾ, ದೂರದ ಮನೆಯಲ್ಲಿ ಒಣಹಾಕಿದ್ದ ಬಟ್ಟೆಯ ಕ್ಲಿಪ್ಪು, ಎಲ್ಲವೂ ಕತ್ತರಿಸಿ ಅಂಟಿಸಿದಷ್ಟು ಸ್ಪಷ್ಟ. ಪುಟ್ಟಿ ಹಿಗ್ಗಿದಳು. ತನ್ನ ಕಾಲಬುಡದ ಒಂದು ಬೆಣಚುಕಲ್ಲನ್ನು ತೆಗೆದು ನೋಡೋಣ ಎಂದು ಒಮ್ಮೆಯೂ ಆಕೆಗೆ ಅನ್ನಿಸಲಿಲ್ಲ. ಅಂಗಡಿಗೆ ಒಯ್ದು ಪರೀಕ್ಷಿಸೋಣವೆಂದರೆ ಅಕ್ಕ ಬಿಟ್ಟಿರಲಿಲ್ಲ: "ವಾರದ ದಿನ ಅದನ್ನ ಇಲ್ಲಿ ತರಬೇಡ. ಬಂದವ್ರೆಲ್ಲ ಯಾಕೆ ಏನು ಅಂತ ಕೇಳ್ತಾರೆ." ಕಾರಣ ಸರಿಯೇ ಇರಬಹುದು. ಆದರೂ ತಪ್ಪಿನಲ್ಲಿ ಒಂದು ಪಾಲು ಪುಟ್ಟಿಯದೂ ಹೌದು. ದೂರದ್ದು ಚೆನ್ನಾಗಿ ಕಂಡಿತೆಂಬ ಸಂತೋಷದಲ್ಲಿ ಹತ್ತಿರದ್ದನ್ನು ಪರೀಕ್ಷಿಸದೆ ಬಿಡುವುದು ಪುಟ್ಟಿಯೊಬ್ಬಳ ದೌರ್ಬಲ್ಯವಲ್ಲ ಬಿಡಿ.

ಭಾನುವಾರ ಬೆಳಿಗ್ಗೆ ಬೀದಿಯ ಅಂಗಡಿಗಳೆಲ್ಲ ಮುಚ್ಚಿದ್ದವು. ಅಕ್ಕ ಶಟರನ್ನು ಅರ್ಧಕ್ಕೆ ಎಳೆದು, ಮೇಜಿನ ದೀಪ ಹಾಕಿ, ಪಿಂಗಾಣಿ ತಟ್ಟೆಯನ್ನು ಒರೆಸಿ ಇಟ್ಟಳು. ಕಪ್ಪು ಭೂತಗನ್ನಡಿಯನ್ನು ಬಲಗಣ್ಣಿನ ಗುಳಿಗೆ ಸಿಕ್ಕಿಸಿಕೊಂಡಳು. ಮಸುಕಿನ ಆಚೆಗೆ ನೋಡಲು ತಲೆಯನ್ನು ಒಂದು ಬದಿಗೆ ವಾಲಿಸುವುದು ಈಚೆಗೆ ರೂಢಿಯಾಗಿತ್ತು. ಪುಟ್ಟಿ ಎಡಮೊಣಕೈಯ ಸಂದಿನಲ್ಲಿ ಮೈ ಮುದುಡಿ ಕೂತಳು.

"ಶುರು ಮಾಡ್ಲಾ?"

"ಮಾಡಕ್ಕ."

ಹಿಂದಿನ ಮುಚ್ಚಳ ತೆರೆಯಿತು. ಪುಟ್ಟಿ ಕ್ಯಾಮೆರಾ ಎತ್ತಿ ಗುಂಡಿ ಒತ್ತಿದಳು. ಲೆನ್ಸು 'ಝುಯ್' ಎಂದು ಮುಂದೆ ಹೋಯಿತು, 'ಝುಯ್' ಎಂದು ಹಿಂದೆ ಬಂದಿತು. ಕ್ಲಿಕ್ ಎನ್ನಲಿಲ್ಲ. ಇಣುಕಿದರೆ ಬೆಳಕಿನ ಒಂದು ಮುದ್ದೆ, ಅದರೊಳಗೆ ಇನ್ನೊಂದು ಮುದ್ದೆ. ಮತ್ತೆ ಒತ್ತಿದಳು. ಝುಯ್, ಝುಯ್. ಅಕ್ಕನ ಚಿಮುಟ ಮೊದಲ ಸ್ಕ್ರೂವನ್ನು ಹನ್ನೆರಡು ಗಂಟೆಯ ಜಾಗಕ್ಕೆ ಇಟ್ಟಾಗಿತ್ತು.

"ತೆಗೆದ್ಯಾ?"

"ಒಂದ್ನಿಮಿಷ ಅಕ್ಕ, ಇದ್ಯಾಕೋ..."

ಪುಟ್ಟಿ ಹಿಂದೆ ಸರಿದಳು. ಬೆನ್ನಿಗೆ ಗೋಡೆ ತಾಕಿತು. ಎದ್ದು ಶಟರಿನ ಹತ್ತಿರ ಹೋಗಿ ನಿಂತಳು. ಅಲ್ಲಿಂದ ಕ್ಯಾಮೆರಾ ಕೂಡಲೇ 'ಕ್ಲಿಕ್' ಎಂದಿತು, ಅಚ್ಚುಕಟ್ಟಾಗಿ. ಚಿತ್ರದಲ್ಲಿ ಅಕ್ಕನ ಬೆನ್ನು ಬಂದಿತ್ತು. ಜಡೆಯ ಒಂದೊಂದು ನರೆಗೂದಲೂ ಎಣಿಸುವಷ್ಟು ಸ್ಪಷ್ಟ. ಕೈ ಕಾಣಲಿಲ್ಲ. ಮೂಲೆಯಲ್ಲಿದ್ದ ಇನ್ನೊಂದು ಸ್ಟೂಲು ಹತ್ತಿ ಮೇಲಿನಿಂದ ನೋಡಿದಳು. ಅಕ್ಕನ ತಲೆ ಅಡ್ಡ. ಬಲಕ್ಕೆ ಕಪಾಟು ಅಡ್ಡ. ಎದುರಿಗೆ ಗೋಡೆ. ಮತ್ತೆ ಸಂದಿಗೆ ಬಂದು ಕೂತಳು. ಮತ್ತೆ ಝುಯ್, ಝುಯ್. ಡಬ್ಬದೊಳಗಿನ ಪುಸ್ತಿಕೆಯನ್ನು ಈಗ ತೆರೆದಳು. 'ಈ ಲೆನ್ಸಿಗೆ ವಸ್ತು ಕನಿಷ್ಠ ಒಂದೂವರೆ ಮೀಟರ್ ದೂರದಲ್ಲಿರಬೇಕು' ಎಂಬ ಸಾಲು ಏಳನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿತ್ತು. ಮೇಷ್ಟ್ರೋ ಅಂಗಡಿಯವನೋ ಯಾತಕ್ಕೆ ಎಂದು ಕೇಳಿದ್ದರೆ ಈ ಸಾಲನ್ನು ಅವರೇ ಹೇಳಬಹುದಿತ್ತು. ಅವರಿಗೆ ಅದು ಬಾಯಿಪಾಠ.

"ಅಕ್ಕ, ಸ್ವಲ್ಪ ನಿಲ್ಸು. ಈ ಹಾಳು ಲೆನ್ಸು ಹತ್ತಿರದ್ದನ್ನ ಹಿಡೀತಾ ಇಲ್ಲ."

"ತೆರೆದ ವಾಚು ನಿಲ್ಸಕ್ಕಾಗುತ್ತಾ? ನೀನು ಏನು ಬೇಕಾದ್ರೂ ಮಾಡ್ಕೋ, ನನ್ನ ಕೈ ನಿಲ್ಲಲ್ಲ."

ಕೈ ನಿಲ್ಲಲಿಲ್ಲ. ಸ್ಪ್ರಿಂಗಿನ ಬಿಗಿ ಇಳಿಸಿದಳು. ತೂಗುಚಕ್ರ ತಟ್ಟೆಗೆ ಬಂತು. ಮರದ ಕಡ್ಡಿ ಒಂದೊಂದೇ ಚಕ್ರವನ್ನು ಅತ್ತ ಇತ್ತ ವಿಚಾರಿಸುತ್ತ ಹೊರಟಿತು. ಪುಟ್ಟಿ ಹಲ್ಲು ಕಚ್ಚಿ ಗುಂಡಿ ಒತ್ತುತ್ತಲೇ ಇದ್ದಳು. ಲೆನ್ಸಿನ ಉಂಗುರವನ್ನು ಕೈಯಿಂದ ತಿರುಗಿಸಿದಳು, ಕ್ಯಾಮೆರಾವನ್ನು ಬೈದಳು, ಮೇಷ್ಟ್ರನ್ನು ಬೈದಳು, ಮಿಂಚುಳ್ಳಿಯನ್ನೂ ಬಿಡಲಿಲ್ಲ.

ಇದ್ದಕ್ಕಿದ್ದಂತೆ ಅಕ್ಕನ ಉಸಿರು ನಿಂತಿತು.

"ಸಿಕ್ತು," ಎಂದಳು, ತುಟಿ ಅಲುಗದಂತೆ. "ಮೂರನೇ ಚಕ್ರ. ಎರಡು ಹಲ್ಲಿನ ಮಧ್ಯೆ ಒಂದು ಎಳೆ. ಉಣ್ಣೆ ಎಳೆ ಇರ್ಬೇಕು, ಕೂದಲಿಗಿಂತ ಸಣ್ಣ. ಚಕ್ರ ಸುತ್ತಿ ಸುತ್ತಿ ಅದು ಅಡ್ಡ ಬಿದ್ದಾಗ ನಿಲ್ಲುತ್ತೆ. ಕುಲುಕಿದ್ರೆ ಪಕ್ಕಕ್ಕೆ ಸರಿಯುತ್ತೆ. ಮೂರು ಜನ ಇದನ್ನ ಎತ್ತಿ ನೋಡಿದ್ದಾರೆ ಪುಟ್ಟಿ. ಕೂತಲ್ಲೇ ಯಾರೂ ನೋಡಿಲ್ಲ. ತೆಗಿ ಬೇಗ. ನಾನು ಕಡ್ಡೀಲಿ ಹಿಡ್ಕೊಂಡಿದೀನಿ."

ಮೂರು ಅಂಗಡಿಗಳಿಗೆ ಸಿಗದ ದೋಷ. ಮೂವತ್ತು ವರ್ಷದ ವಿದ್ಯೆಯ ಫಲ. ಪ್ರಾಂಶುಪಾಲರು ಕೇಳಿದ ಒಂದೇ ಒಂದು ಚಿತ್ರ. ಅದು ಪುಟ್ಟಿಯ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು.

ಝುಯ್. ಝುಯ್.

"ತೆಗೆದ್ಯಾ?"

"ಇನ್ನೊಂಚೂರು... ಇನ್ನೊಂಚೂರು ಹಿಡ್ಕೋ ಅಕ್ಕ..."

"ಕಣ್ಣಲ್ಲಿ ನೀರು ಬರ್ತಿದೆ ಕಣೇ."

ಝುಯ್. ಪುಟ್ಟಿ ಕ್ಯಾಮೆರಾವನ್ನು ಮಡಿಲಿಗೆ ಹಾಕಿ, ಚೀಲದೊಳಗೆ ತಡಕಾಡಿ ಫೋನು ತೆಗೆದಳು. ಅವಸರದಲ್ಲಿ ಬೆರಳು ತಪ್ಪಿ ಮೊದಲು ಟಾರ್ಚು ಹತ್ತಿತು. ಆ ಬೆಳಕು ಅಕ್ಕನ ಬರಿಗಣ್ಣಿಗೆ ಚುಚ್ಚಿತು. ಅಕ್ಕ ಕಣ್ಣು ಮಿಟುಕಿಸಿದಳು, ಅಷ್ಟೇ. ಕಡ್ಡಿ ಕೂದಲೆಳೆಯಷ್ಟು ಜಾರಿತು, ಚಕ್ರ ಅರ್ಧ ಹಲ್ಲು ತಿರುಗಿತು, ಎಳೆ ಕಡ್ಡಿಯ ತುದಿಗೆ ಅಂಟಿಕೊಂಡು ಮೇಲೆ ಬಂದು, ಪುಟ್ಟಿಯ ಉಸಿರಿಗೋ ಅಕ್ಕನ ಉಸಿರಿಗೋ ಹಾರಿ ಎಲ್ಲಿಯೋ ಬಿದ್ದಿತು. ತಟ್ಟೆಯ ಮೇಲಿರಲಿಲ್ಲ, ಮೇಜಿನ ಮೇಲಿರಲಿಲ್ಲ.

ಪುಟ್ಟಿ ಬಗ್ಗಿ ನೆಲವನ್ನೆಲ್ಲ ತಡವಿದಳು.

"ಅಕ್ಕ," ಎಂದಳು ಪುಟ್ಟಿ ಕೊನೆಗೆ, ತನಗೇ ನಾಚಿಕೆಯಾಗುವ ದನಿಯಲ್ಲಿ, "ನನ್ನ ಶಾಲಿನಿಂದ ಒಂದು ಎಳೆ ಕಿತ್ತು ಕೊಡ್ತೀನಿ. ಅಲ್ಲೇ ಇಟ್ಟು ತೋರ್ಸು. ಯಾರಿಗೆ ಗೊತ್ತಾಗುತ್ತೆ?"

ಅಕ್ಕ ಭೂತಗನ್ನಡಿ ತೆಗೆದು ಕಣ್ಣೊರೆಸಿಕೊಂಡಳು. "ನಾನೇ ಇಟ್ಟ ದೋಷಾನ ನಾನೇ ಹುಡುಕಿದ ಹಾಗೆ ಮಕ್ಕಳಿಗೆ ತೋರ್ಸೋದಾ? ಅದನ್ನ ಪಾಠ ಅನ್ನಲ್ಲ ಪುಟ್ಟಿ, ಕಳ್ಳತನ ಅಂತಾರೆ. ಬಿಡು. ಅಲ್ಲಿ ಮೇಲಿನ ಡ್ರಾಯರಲ್ಲಿ ಅಪ್ಪಂದು ಅಗಲವಾದ ಭೂತಗನ್ನಡಿ ಇದೆ, ಗೋಡೆ ಗಡಿಯಾರಕ್ಕೆ ಇಟ್ಕೋತಿದ್ರಲ್ಲ. ಅದನ್ನ ನಿನ್ನ ಫಿರಂಗಿ ಬಾಯಿಗೆ ಅಡ್ಡ ಹಿಡಿದು ನೋಡು. ನನ್ನ ಕಣ್ಣಿಗೆ ಹತ್ತಿರದ್ದನ್ನ ತೋರ್ಸೋದು ಅದಕ್ಕೂ ತೋರಿಸ್ಬೇಕಲ್ಲ."

ಹಿಡಿದು ನೋಡಿದಳು. ಒಂದು ಗೇಣು ದೂರದಲ್ಲಿ ತಟ್ಟೆ, ತಟ್ಟೆಯ ಅಂಚಿನ ಸ್ಕ್ರೂ, ಸ್ಕ್ರೂವಿನ ತಲೆಯ ಗೀರು ಎಲ್ಲ ನಿಧಾನವಾಗಿ ತಿಳಿಯಾಗುತ್ತ ಎದ್ದು ನಿಂತವು. ಚಿತ್ರದ ಮೂಲೆಗಳು ಕಪ್ಪಾಗಿದ್ದವು; ನಡುವಿನ ಭಾಗ ಕನ್ನಡಿಯಂತಿತ್ತು. ಕ್ಯಾಮೆರಾದ ಪಾಠವನ್ನು ಒಂದು ದಿನವೂ ಓದದ ಅಕ್ಕ, ಕಣ್ಣು ಮಸುಕಾದ ಅಕ್ಕ, ಒಂದು ಮಾತಿನಲ್ಲಿ ಹೇಳಿದ ಉಪಾಯ! ಏಕೆಂದರೆ ಯಾವುದನ್ನು ನೋಡಬೇಕು, ಎಷ್ಟು ಹತ್ತಿರದಿಂದ ನೋಡಬೇಕು ಎಂಬುದು ಆಕೆಗೆ ಗೊತ್ತಿತ್ತು. ಪುಟ್ಟಿ ನಗಲಿಲ್ಲ. ಅರ್ಧ ಗಂಟೆ ಮೊದಲು ಇದು ಹೊಳೆದಿದ್ದರೆ ಎಂದು ಅವಳ ಮೈಯೆಲ್ಲ ಉರಿಯುತ್ತಿತ್ತು.

ಜೋಡಿಸುವ ಕೆಲಸದ ಐವತ್ತೆರಡು ಚಿತ್ರಗಳು ಬಂದವು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಗಡಿಯಾರ ನಡೆಯಿತು, ಇಂದಿಗೂ ನಡೆಯುತ್ತಿದೆ.

ಪ್ರಾಂಶುಪಾಲರು ಎಲ್ಲವನ್ನೂ ತಾಳ್ಮೆಯಿಂದ ನೋಡಿದರು. "ಬಹಳ ಚೆನ್ನಾಗಿವೆ. ಆದ್ರೆ ಇದು ಜೋಡಿಸೋದಲ್ವಾ? ದೋಷ ಎಲ್ಲಿ?"

ಪುಟ್ಟಿ ನಡೆದದ್ದನ್ನು ಹೇಳಿದಳು. ಅವರು ಮರುಗಿದರು. "ಪಾಪ. ಆದ್ರೆ ಸಮಿತಿಯವರ ಮುಂದೆ ನಾನು ಬರೀ ಮಾತು ಇಡೋದು ಹೇಗೆ? ಮುಂದಿನ ವರ್ಷ ಇನ್ನೊಂದು ವಾಚಿನ ಚಿತ್ರ ತನ್ನಿ, ಖಂಡಿತ ಮಾಡೋಣ."

ಮುಂದಿನ ವರ್ಷ ಅಕ್ಕನ ಕಣ್ಣು ಎಷ್ಟು ಉಳಿದಿರುತ್ತದೆ? ಪುಟ್ಟಿ ಚಿತ್ರಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ತಿಂಗಳ ಕೊನೆಯ ದಿನ ಅಂಗಡಿಯ ಬೀಗದ ಕೈ ಕೈಬದಲಾಯಿತು. ಪಿಂಗಾಣಿ ತಟ್ಟೆಯನ್ನು ಅಕ್ಕ ಮನೆಗೆ ತಂದು, ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ಯಾರ ಕೈಗೂ ಎಟುಕದಂತೆ ಇಟ್ಟಳು.

ಪುಟ್ಟಿ ಸುಮ್ಮನಿರಲಿಲ್ಲ. ಮರುದಿನವೇ ಕ್ಯಾಮೆರಾ ಅಂಗಡಿಗೆ ಹೋಗಿ ಉದ್ದನೆಯ ಡಬ್ಬವನ್ನು ಗಾಜಿನ ಮೇಲೆ ಕುಕ್ಕಿದಳು.

"ನನಗೆ ಏನು ಬೇಕು ಅಂತ ನೀವು ಒಂದು ಮಾತು ಕೇಳಿದ್ರಾ?"

ಅಂಗಡಿಯವನು ನಿಜವಾಗಿಯೂ ನೊಂದುಕೊಂಡ. "ಕೇಳಿದ್ನಲ್ಲ ಮೇಡಂ! ಇರುವೆ ತೆಗೀತೀರಾ ಅಂತ ಕೇಳ್ದೆ. ಇಲ್ಲ ಅಂದ್ರಿ."

ಪುಟ್ಟಿ ಗಾಜಿನೊಳಗೆ ನೋಡಿದಳು. ಗಿಡ್ಡ ಲೆನ್ಸು ಕೆಳಗಿನ ಸಾಲಿನ ಮೂಲೆಯಲ್ಲಿ ಇನ್ನೂ ಹಾಗೆಯೇ ಕೂತಿತ್ತು. ಹಕ್ಕಿ ಮೇಷ್ಟ್ರನ್ನು ಕೇಳಿದರೆ ಅವರದೂ ಅದೇ ಮುಖ: "ವಾಚಿಗೆ ಅಂತ ಮೊದಲೇ ಹೇಳಬಾರದಿತ್ತಾ?" ಹೇಳಲು ಬಿಟ್ಟಿದ್ದರೆ ತಾನೇ! ಎಲ್ಲರೂ ನಿರಪರಾಧಿಗಳು. ಎಲ್ಲರೂ ಸಹಾಯ ಮಾಡಿದವರು. ಹಾಗಾದರೆ ಆ ಹಲಗೆಯ ಮೇಲಿನ ತಟ್ಟೆಗೆ ಯಾರು ಉತ್ತರ ಹೇಳಬೇಕು?

ಆ ಸಿಟ್ಟು ಇಳಿಯುವ ಮೊದಲೇ ಒಂದು ಮಧ್ಯಾಹ್ನ, ಗ್ರಂಥಾಲಯದ ಮೇಜಿನ ಮುಂದೆ ಒಬ್ಬ ಹುಡುಗಿ ಬಂದು ನಿಂತಳು. ಮೊದಲ ವರ್ಷದವಳಿರಬೇಕು; ದನಿ ಗಂಟಲಿನಿಂದ ಪೂರ್ತಿ ಹೊರಗೆ ಬಂದಿರಲಿಲ್ಲ.

"ಮೇಡಂ, ನಿದ್ದೆ ಬಗ್ಗೆ ಯಾವುದಾದ್ರೂ ಪುಸ್ತಕ ಇದ್ಯಾ? ಅಂದ್ರೆ, ನಿದ್ದೆ..."

"ಮನಃಶಾಸ್ತ್ರ. ನಾಲ್ಕನೇ ಕಪಾಟು, ಎರಡನೇ ಸಾಲು," ಎಂದಳು ಪುಟ್ಟಿ, ಬರೆಯುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ. ಇಪ್ಪತ್ತು ವರ್ಷಗಳಿಂದ ಹೇಳುತ್ತಿರುವಂತೆ, ಸರಿಯಾಗಿ, ಚುರುಕಾಗಿ.

ಹೇಳಿದ ಮೇಲೆ ಅವಳ ಕೈಯಲ್ಲಿದ್ದ ಪೆನ್ನು ನಿಂತಿತು. 'ಅಂದರೆ ನಿದ್ದೆ' ಏನು? ಬರುತ್ತಿಲ್ಲವೇ? ಯಾರಿಗೆ? ಎಷ್ಟು ದಿನದಿಂದ? ತಲೆ ಎತ್ತಿದಾಗ ಎದುರಿಗೆ ಯಾರೂ ಇರಲಿಲ್ಲ. ನಾಲ್ಕನೆಯ ಕಪಾಟಿನ ಬಳಿಯೂ ಇರಲಿಲ್ಲ. ಬಾಗಿಲು ಮಾತ್ರ ಇನ್ನೂ ಅಲುಗುತ್ತಿತ್ತು.

ಪುಟ್ಟಿಯ ಕಿವಿಯಲ್ಲಿ ಝುಯ್ ಎಂಬ ಶಬ್ದ ಮತ್ತೆ ಕೇಳಿಸಿತು. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು. ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಮೇಜನ್ನು ಯಾರಿಗೂ ಒಪ್ಪಿಸದೆ, ಕನ್ನಡಕ ಕೈಯಲ್ಲಿ ಹಿಡಿದು, "ಏ ಹುಡುಗಿ, ನಿಂತ್ಕೋಮ್ಮ! ಏನು ಕೇಳಕ್ಕೆ ಬಂದಿದ್ದೆ?" ಎಂದು ಕೂಗುತ್ತ ಮೆಟ್ಟಿಲಿಳಿದು ಓಡಿದಳು.

ನಿಮ್ಮ ಬಳಿಗೂ ಇವತ್ತೋ ನಾಳೆಯೋ ಯಾರಾದರೂ ಬರುತ್ತಾರೆ. ತಂಗಿಯೋ, ಪಕ್ಕದ ಮನೆಯವರೋ, ಮೊದಲ ಕ್ಯಾಮೆರಾ ಕೊಳ್ಳಲು ಹೊರಟ ಸಹೋದ್ಯೋಗಿಯೋ, ಯಾವ ಲೆನ್ಸು ಒಳ್ಳೆಯದು ಎಂದು ನಂಬಿಕೆಯಿಂದ ಕೇಳುತ್ತಾರೆ. ನಿಮ್ಮ ಮಿಂಚುಳ್ಳಿಯನ್ನು ದಯವಿಟ್ಟು ಜೇಬಿನಲ್ಲೇ ಇಟ್ಟುಕೊಳ್ಳಿ. ಏನನ್ನು ತೆಗೆಯಬೇಕು, ಎಲ್ಲಿ ಕೂತು, ಎಷ್ಟು ಹತ್ತಿರದಿಂದ ಎಂದು ಕೇಳಿ. ಕೇಳಿದ ಮೇಲೆ, ಅವರ ವಾಕ್ಯ ಪೂರ್ತಿಯಾಗುವವರೆಗೆ, ಕಾಯಿರಿ.